ಮಾವನ ಜೀಪು, ಹುಕ್‌ನ ಕ್ರಾಸು

ನಮ್ಮ ಕಡೆ ಜೀಪು ಅಂದ್ರೆ ಶೋಕಿ ಅಲ್ಲ. ಮಳೆಗಾಲದಲ್ಲಿ ಬಸ್ಸು ಕೈಮರದ ತನಕ ಮಾತ್ರ ಬರುತ್ತೆ, ಅಲ್ಲಿಂದ ಮುಂದೆ ಆರು ಕಿಲೋಮೀಟರು ಕೆಂಪು ಮಣ್ಣಿನ ಜಾರುಗುಂಡಿ. ಗೊಬ್ಬರದ ಚೀಲ, ಅಡಿಕೆ ಮೂಟೆ, ಮದುವೆ ದಿಬ್ಬಣ, ಹೆರಿಗೆ ನೋವು, ಹೆಣ, ಎಲ್ಲವೂ ಜೀಪಿನಲ್ಲೇ ಹೋಗಬೇಕು, ಜೀಪಿನಲ್ಲೇ ಬರಬೇಕು. ನನ್ನ ಸೋದರಮಾವನ ಹತ್ತಿರ ಒಂದು ಹಳೇ ಮಹೀಂದ್ರಾ ಸಿಜೆ-3ಬಿ ಇತ್ತು. ಈಗಲೂ ಇದೆ. ಅದರ ಎಂಜಿನ್ನು ಎರಡು ಸಲ ಬದಲಾಗಿದೆ, ಟಾಪು ನಾಲ್ಕು ಸಲ, ಬಣ್ಣ ಎಷ್ಟು ಸಲವೋ ಲೆಕ್ಕವಿಲ್ಲ.

ಈ ಜೀಪನ್ನು ಹಾಳು ಮಾಡಿದ್ದು ನಾನು. ಬೆಂಗಳೂರಲ್ಲಿ ಕೆಲಸಕ್ಕೆ ಸೇರಿ ಎರಡನೇ ವರ್ಷ. ಕೈಯಲ್ಲಿ ಸ್ವಲ್ಪ ದುಡ್ಡು ಓಡಾಡೋಕೆ ಶುರುವಾಗಿತ್ತು. ವಾರದ ಕೊನೆಗೆ ಗೆಳೆಯರ ಜೊತೆ ಕೆಸರಲ್ಲಿ ಜೀಪು ಓಡಿಸೋ ಸ್ಪರ್ಧೆ ನೋಡೋಕೆ ಹೋಗ್ತಿದ್ದೆ. ಅಲ್ಲಿ ಬರುತ್ತಿದ್ದ ಜೀಪುಗಳು ಎದೆಮಟ್ಟ ಎತ್ತರ, ಟೈರು ಟ್ರ್ಯಾಕ್ಟರಿನಷ್ಟು. ನಮ್ಮ ಮಾವನ ಜೀಪು ಅದರ ಮುಂದೆ ಕುಳ್ಳ ಕರು. ನಮ್ಮೂರಿನ ದಾರಿಯಲ್ಲಿ ನಡುವೆ ದಿಂಡು ಎದ್ದು ಹೌಸಿಂಗ್ ತಾಗೋದು ಹೇಗೂ ಇತ್ತಲ್ಲ, ಮಾವನನ್ನು ಒಪ್ಪಿಸೋಕೆ ಅಷ್ಟು ಸಾಕಾಯ್ತು. ಬೆಂಗಳೂರಿನ ಒಂದು ಗ್ಯಾರೇಜಿನಲ್ಲಿ ನಾಲ್ಕು ಇಂಚು ಎತ್ತಿಸಿದೆ. ಸ್ಪ್ರಿಂಗಿಗೆ ಎರಡೆರಡು ಪ್ಲೇಟು ಜಾಸ್ತಿ, ಉದ್ದನೆಯ ಶ್ಯಾಕಲ್ಲು, ದಪ್ಪ ಟೈರು. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ನಿನ ಪ್ರಕಾರ ಕಂಪನಿ ಕೊಟ್ಟ ವಿವರಕ್ಕೆ ವಿರುದ್ಧವಾಗಿ ಗಾಡಿ ಬದಲಾಯಿಸೋ ಹಾಗಿಲ್ಲ, 2019ರಲ್ಲಿ ಸುಪ್ರೀಂ ಕೋರ್ಟೂ ಅದನ್ನೇ ಹೇಳಿತು. ಆದ್ರೆ ನಾನು ಎತ್ತಿಸಿದ್ದು ಅದಕ್ಕೂ ಮುಂಚೆ. ಸೆಕ್ಷನ್ನು ಗಿಕ್ಷನ್ನು ಯಾರು ಕೇಳ್ತಾರೆ ಅನ್ನೋ ವಯಸ್ಸು.

ಜೀಪು ಊರಿಗೆ ಬಂದಾಗ ಎಲ್ಲರೂ ಬಂದು ನೋಡಿದರು. ಪೇಟೆಯ ಮೇಸ್ತ್ರಿ ಒಬ್ಬರು ಮಾತ್ರ ಮೇಲಿಂದ ನೋಡಲಿಲ್ಲ, ಬಗ್ಗಿ ಅಡಿಗೆ ನೋಡಿದರು. ಮೂವತ್ತು ವರ್ಷದಿಂದ ಆ ಜೀಪಿಗೆ ಗ್ರೀಸು ಹಾಕಿದವರು. "ಎತ್ತರ ಮಾಡ್ಸಿದ್ದು ಸರಿ ಮಾರಾಯ. ಶಾಫ್ಟು ಎಂತ ಹೇಳ್ತದೆ ಕೇಳಿದ್ಯಾ?" ಅಂದರು. ನಾನು ನಕ್ಕೆ. ನಾನು ಮೆಕ್ಯಾನಿಕಲ್ ಬಿಇ. ಹುಕ್ಸ್ ಜಾಯಿಂಟಿನ ಲೆಕ್ಕವನ್ನು ಪರೀಕ್ಷೆಯಲ್ಲಿ ಎರಡು ಪುಟ ಬರೆದು ಪೂರ್ತಿ ಅಂಕ ತಗೊಂಡವನು. ಅದೇ ಹುಕ್ಸ್ ಜಾಯಿಂಟು ಮಾವನ ಜೀಪಿನ ಹೊಟ್ಟೆ ಅಡಿಯಲ್ಲಿ ಕೂತಿದೆ ಅನ್ನೋದು, ನಂಬಿದರೆ ನಂಬಿ ಬಿಟ್ಟರೆ ಬಿಡಿ, ಆ ಹೊತ್ತಿಗೆ ತಲೆಗೆ ಬರಲಿಲ್ಲ.

ಒಂದು ಮಳೆಗಾಲ ಕಳೆಯೋ ಮುಂಚೆ ಶಾಫ್ಟೇ ಹೇಳಿತು. ಆಗಸ್ಟ್ ತಿಂಗಳು, ರಾತ್ರಿ. ಅಜ್ಜಿಗೆ ಉಬ್ಬಸ ಜೋರಾಗಿ ಮಾತೇ ನಿಂತುಹೋಗಿತ್ತು. ನಾನೂ ರಜೆಗೆ ಹೋಗಿದ್ದೆ. ಹಿಂದಿನ ಸೀಟಲ್ಲಿ ಅಮ್ಮನ ತೊಡೆ ಮೇಲೆ ಅಜ್ಜಿ, ಮುಂದೆ ನಾನು, ಮಾವ ಸ್ಟೇರಿಂಗಲ್ಲಿ. ಕೈಮರಕ್ಕೆ ಮುಂಚೆ ಒಂದು ಕಡಿದಾದ ಏರು ಬರುತ್ತೆ. ಫಸ್ಟ್ ಗೇರಲ್ಲಿ ಅರ್ಧ ಹತ್ತಿದ್ದೆವು, ಅಡಿಯಿಂದ ಠಣ್ ಅಂತ ಒಂದು ಸದ್ದು. ಎಂಜಿನ್ನು ಹಗುರಾಗಿ ಕೂಗಿಕೊಂಡಿತು, ಜೀಪು ನಿಂತಿತು, ಆಮೇಲೆ ಹಿಂದಕ್ಕೆ ಜಾರೋಕೆ ಶುರುವಾಯ್ತು. ಮಾವ ಬ್ರೇಕ್ ಒತ್ತಿ ಹ್ಯಾಂಡ್‌ಬ್ರೇಕ್ ಎಳೆದು "ಕಲ್ಲು ಹಾಕು" ಅಂದ. ನಾನು ಇಳಿದು ಕತ್ತಲಲ್ಲಿ ಕಲ್ಲು ತಡಕಾಡ್ತಿದ್ದೆ, ಮಾವ ಬ್ರೇಕಿಂದ ಕಾಲು ಸ್ವಲ್ಪ ಸಡಿಲ ಮಾಡಿದ ಅಷ್ಟೆ, ಜೀಪು ಮತ್ತೆ ಜಾರಿತು. ಹ್ಯಾಂಡ್‌ಬ್ರೇಕು ಎಳೆದೇ ಇತ್ತು! ಎಡಗಡೆ ತೋಡು, ಎಷ್ಟು ಆಳ ಅಂತ ನಮಗೆಲ್ಲ ಗೊತ್ತಿತ್ತು.

ಹ್ಯಾಂಡ್‌ಬ್ರೇಕು ಯಾಕೆ ಹಿಡೀಲಿಲ್ಲ ಅನ್ನೋದನ್ನು ಆಮೇಲೆ ಹೇಳ್ತೀನಿ. ಮೊದಲು ಮುರಿದದ್ದು ಏನು, ಅದು ಎಲ್ಲಿಂದ ಬಂತು ಅಂತ ನೋಡೋಣ. ಆ ರಾತ್ರಿ ಆದಮೇಲೆ ನಾನು ತಿಂಗಳುಗಟ್ಟಲೆ ಹುಡುಕಿ ಓದಿದ್ದು ಇದನ್ನೇ.

ಮುರಿದದ್ದು ಹಿಂದಿನ ಪ್ರೊಪೆಲ್ಲರ್ ಶಾಫ್ಟಿನ ಕ್ರಾಸು. ಕೂಡಿಸೋ ಚಿಹ್ನೆಯ ಆಕಾರದ ಒಂದು ಉಕ್ಕಿನ ತುಂಡು, ಅಂಗೈಯಲ್ಲಿ ಹಿಡಿಯುವಷ್ಟು. ಎರಡು ಕವಲಿನ ಫೋರ್ಕುಗಳು ಎದುರುಬದುರು ನಿಂತು ಈ ಕ್ರಾಸಿನ ನಾಲ್ಕು ತುದಿ ಹಿಡಿದಿರುತ್ತವೆ. ಎಂಜಿನ್ನಿನ ಶಕ್ತಿ ಫೋರ್ ವೀಲ್ ಗೇರಿನ ಡಬ್ಬದಿಂದ ಹೊರಟು, ಒಂದು ಕ್ರಾಸು, ಒಂದು ಶಾಫ್ಟು, ಇನ್ನೊಂದು ಕ್ರಾಸು ದಾಟಿ ಹಿಂದಿನ ಹೌಸಿಂಗಿಗೆ ಹೋಗುತ್ತೆ. ಗೇರಿನ ಡಬ್ಬ ಚಾಸಿಗೆ ಬಿಗಿದದ್ದು, ಹೌಸಿಂಗು ಸ್ಪ್ರಿಂಗಿನ ಮೇಲೆ ಕುಣಿಯುವಂಥದ್ದು. ನಡುವಿನ ಶಾಫ್ಟು ಓರೆಯಾಗಿ, ಕ್ಷಣಕ್ಷಣಕ್ಕೂ ಕೋನ ಬದಲಿಸುತ್ತಾ ತಿರುಗಬೇಕು. ಕ್ರಾಸು ಇರೋದು ಅದಕ್ಕೆ.

ಯೂರೋಪಿನ ಬಹುಪಾಲು ಕಡೆ ಇದಕ್ಕೆ ಕಾರ್ಡನ್ ಅಂತಾರೆ. ಜೆರೊಲಾಮೊ ಕಾರ್ಡಾನೊ (1501–1576) ಇಟಲಿಯ ವೈದ್ಯ, ಗಣಿತಜ್ಞ, ಮೇಲಾಗಿ ಜೂಜುಕೋರ. ಆದ್ರೆ ಆತ ಬರೆದದ್ದು ಒಂದರೊಳಗೊಂದು ಬಳೆ ಸಿಕ್ಕಿಸಿ ದೀಪವೋ ದಿಕ್ಸೂಚಿಯೋ ಅಲುಗಾಡದ ಹಾಗೆ ತೂಗುಹಾಕುವ ಉಪಾಯದ ಬಗ್ಗೆ ಮಾತ್ರ, ತಿರುಗುವ ಶಕ್ತಿ ಸಾಗಿಸುವ ಕೀಲಿನ ಬಗ್ಗೆ ಅಲ್ಲ. ಹೆಸರು ಮಾತ್ರ ಅವನಿಗೆ ಹೋಯ್ತು. ಸ್ವೀಡನ್ನಿನವರು ಅವರ ದೇಶದ ಕ್ರಿಸ್ಟೋಫರ್ ಪೊಲ್ಹೆಮ್ ಹೆಸರಿಟ್ಟುಕೊಂಡರು. 1664ರಲ್ಲಿ ಗ್ಯಾಸ್ಪರ್ ಶಾಟ್ ಅನ್ನೋ ಜರ್ಮನ್ ಪಾದ್ರಿ ಕೀಲನ್ನು ವಿವರಿಸಿ, ಒಂದು ಕಡೆ ಎಷ್ಟು ವೇಗವಾಗಿ ತಿರುಗುತ್ತೋ ಇನ್ನೊಂದು ಕಡೆಯೂ ಅಷ್ಟೇ ವೇಗವಾಗಿ ತಿರುಗುತ್ತೆ ಅಂತ ಬರೆದ. ಅದು ತಪ್ಪು. ನೋಡಿದರೆ ಹಾಗೇ ಕಾಣುತ್ತೆ ಬಿಡಿ. ಈ ಕಡೆ ಒಂದು ಸುತ್ತು ಆದರೆ ಆ ಕಡೆಯೂ ಒಂದು ಸುತ್ತು ಆಗೇ ಆಗುತ್ತೆ. ಆದರೆ ಆ ಒಂದು ಸುತ್ತಿನ ಒಳಗೇ ಒಂದು ಕಳ್ಳತನ ನಡೀತಿರುತ್ತೆ.

ಅದನ್ನು ಹಿಡಿದವನು ರಾಬರ್ಟ್ ಹುಕ್. 1635ರಲ್ಲಿ ಇಂಗ್ಲೆಂಡಿನ ವೈಟ್ ದ್ವೀಪದ ಒಂದು ಹಳ್ಳಿಯಲ್ಲಿ ಹುಟ್ಟಿದ ಪಾದ್ರಿಯ ಮಗ, ರಾಯಲ್ ಸೊಸೈಟಿಯಲ್ಲಿ ಪ್ರಯೋಗ ಮಾಡಿ ತೋರಿಸೋ ನೌಕರಿ. ಜೀವಕೋಶಕ್ಕೆ 'ಸೆಲ್' ಅಂತ ಹೆಸರಿಟ್ಟವನೂ ಇವನೇ. ಕೀಲು ಓರೆಯಾಗಿ ತಿರುಗುವಾಗ ಆಚೆಯ ಶಾಫ್ಟು ಒಂದೇ ವೇಗದಲ್ಲಿ ತಿರುಗೋದಿಲ್ಲ, ಒಂದು ಸುತ್ತಿಗೆ ಎರಡು ಸಲ ಮುಂದೋಡುತ್ತೆ, ಎರಡು ಸಲ ಹಿಂದುಳಿಯುತ್ತೆ ಅನ್ನೋದನ್ನು ಲೆಕ್ಕ ಹಾಕಿ ತೋರಿಸಿದ. ಕೋನ ಹೆಚ್ಚಾದಷ್ಟೂ ಈ ಏರುಪೇರು ಹೆಚ್ಚು. 10 ಡಿಗ್ರಿಗೆ ಹೆಚ್ಚುಕಮ್ಮಿ ಶೇಕಡಾ ಒಂದೂವರೆ, 20 ಡಿಗ್ರಿಗೆ 6, 30 ಡಿಗ್ರಿಗೆ ಸುಮಾರು 15. ಕೋನ ಎರಡು ಪಟ್ಟು ಆದರೆ ಏರುಪೇರು ನಾಲ್ಕು ಪಟ್ಟು ಅಂತ ಹಿಡಿದುಕೊಳ್ಳಿ. ಮೇಸ್ತ್ರಿ ಬಗ್ಗಿ ನೋಡಿದ್ದು ಇದನ್ನೇ.

ಇಲ್ಲಿಂದ ಮುಂದಿನದು ನನಗೆ ತುಂಬಾ ಇಷ್ಟವಾದ ಭಾಗ. ಹುಕ್‌ಗೆ ಈ ಏರುಪೇರು ದೋಷವಾಗಿ ಕಾಣಲೇ ಇಲ್ಲ, ಉಪಯೋಗವಾಗಿ ಕಂಡಿತು! ನೆಲದ ಮೇಲೆ ಇಟ್ಟ ಸೂರ್ಯಗಡಿಯಾರ ನೋಡಿರ್ತೀರಿ. ಸೂರ್ಯ ಗಂಟೆಗೆ 15 ಡಿಗ್ರಿಯಂತೆ ಒಂದೇ ಸಮ ಚಲಿಸುತ್ತಾನೆ, ಆದರೆ ನೆಲದ ಮೇಲಿನ ನೆರಳು ಒಂದೇ ಸಮ ಚಲಿಸೋಲ್ಲ. ಅದಕ್ಕೇ ಗಂಟೆಯ ಗೆರೆಗಳು ಒಂದು ಕಡೆ ಒತ್ತಾಗಿ, ಇನ್ನೊಂದು ಕಡೆ ದೂರದೂರ ಇರುತ್ತವೆ. ಆ ನೆರಳಿನ ಲೆಕ್ಕವೂ ಈ ಕೀಲಿನ ಲೆಕ್ಕವೂ ಒಂದೇ. ಹಾಗಾಗಿ ಒಂದು ಕಡೆ ಗಡಿಯಾರದ ಹಾಗೆ ಸಮವಾಗಿ ತಿರುಗಿಸಿದರೆ, ಇನ್ನೊಂದು ಕಡೆಗೆ ಸಿಕ್ಕಿಸಿದ ಮುಳ್ಳು ನೆರಳಿನ ಹಾಗೆಯೇ ಚಲಿಸುತ್ತೆ. 1676ರ ಇಸವಿ ಹಾಕಿದ 'ಹೀಲಿಯೋಸ್ಕೋಪ್ಸ್' ಪುಸ್ತಕದಲ್ಲಿ ಹುಕ್ ಇದಕ್ಕೆ ಯೂನಿವರ್ಸಲ್ ಜಾಯಿಂಟ್ ಅಂತ ಹೆಸರು ಕೊಟ್ಟ. ನಮ್ಮ ಗ್ಯಾರೇಜುಗಳಲ್ಲಿ "ಯುಜೆ ಹೋಗಿದೆ ಸಾರ್" ಅನ್ನೋದರ ಮೂಲ ಅಲ್ಲಿದೆ.

ಲಂಡನ್ನಿನ ಅಕ್ಷಾಂಶ 51 ಡಿಗ್ರಿ ಚಿಲ್ಲರೆ. ಅಲ್ಲಿನ ಸೂರ್ಯಗಡಿಯಾರಕ್ಕೆ ಕೀಲು 90ರಲ್ಲಿ ಅಷ್ಟು ಕಳೆದು ಉಳಿದ 38 ಡಿಗ್ರಿ ಚಿಲ್ಲರೆ ಬಗ್ಗಿದರೆ ಸಾಕು. ಬೆಂಗಳೂರಿನ ಅಕ್ಷಾಂಶ 13. ಇಲ್ಲಿ 77 ಡಿಗ್ರಿ ಬಗ್ಗಬೇಕು. ಅಷ್ಟು ಬಗ್ಗಿಸಿದರೆ ಫೋರ್ಕುಗಳು ಒಂದಕ್ಕೊಂದು ಗುದ್ದಿ ನಿಂತೇ ಹೋಗುತ್ತವೆ. ಹುಕ್ ನಮ್ಮ ಕಡೆ ಹುಟ್ಟಿದ್ದರೆ ಈ ಯೋಚನೆಯೇ ಬರ್ತಿರಲಿಲ್ಲವೇನೋ.

ಶಕ್ತಿ ಸಾಗಿಸೋ ಕೆಲಸಕ್ಕೆ ಏರುಪೇರು ಬೇಡ ಅನ್ನೋದೂ ಅವನಿಗೆ ಗೊತ್ತಿತ್ತು. 1683ರಲ್ಲಿ ಅದಕ್ಕೂ ದಾರಿ ಹೇಳಿದ. ನಡುವೆ ಒಂದು ಶಾಫ್ಟು ಇಟ್ಟು ಎರಡು ತುದಿಗೂ ಒಂದೊಂದು ಕೀಲು ಹಾಕಿ. ಮೊದಲನೆಯದು ಕದ್ದದ್ದನ್ನು ಎರಡನೆಯದು ವಾಪಸ್ ಕೊಡುತ್ತೆ. ಆದರೆ ಷರತ್ತು ಇದೆ. ನಡುವಿನ ಶಾಫ್ಟಿನ ಎರಡೂ ತುದಿಯ ಫೋರ್ಕುಗಳು ಒಂದೇ ನೇರದಲ್ಲಿ ಇರಬೇಕು, ಮತ್ತೆ ಎರಡೂ ಕೀಲಿನ ಕೋನ ಒಂದೇ ಆಗಿರಬೇಕು. ಜೀಪಿನ ಶಾಫ್ಟಿನ ಮೇಲೆ ಎರಡು ಬಾಣದ ಗುರುತು ಇರುತ್ತೆ, ಕೆಸರು ಉಜ್ಜಿದರೆ ಕಾಣುತ್ತೆ. ಬಿಚ್ಚಿ ಹಾಕುವಾಗ ಆ ಬಾಣಗಳು ಎದುರುಬದುರು ಬರಬೇಕು ಅನ್ನೋದು ಹುಕ್‌ನ ಮೊದಲ ಷರತ್ತು. ಎರಡನೇ ಷರತ್ತಿಗೆ ಯಾವ ಗುರುತೂ ಇಲ್ಲ. ಅದನ್ನು ಜೀಪು ಮಾಡಿದ ಎಂಜಿನಿಯರು ಸ್ಪ್ರಿಂಗಿನ ಎತ್ತರದಲ್ಲಿ, ಹೌಸಿಂಗಿನ ಓರೆಯಲ್ಲಿ ಹುದುಗಿಸಿ ಇಟ್ಟಿರುತ್ತಾನೆ. ಎತ್ತರ ಬದಲಾಯಿಸಿದರೆ ಅದು ಕೆಡುತ್ತೆ.

ಇನ್ನೊಂದು ತಮಾಷೆ ಕೇಳಿ. ಸ್ಪ್ರಿಂಗನ್ನು ಎಷ್ಟು ಎಳೀತೀವೋ ಅಷ್ಟೇ ಬಲ ತಿರುಗಿ ಎಳೆಯುತ್ತೆ ಅನ್ನೋ ನಿಯಮ, ಹೈಸ್ಕೂಲಲ್ಲಿ ಬಾಯಿಪಾಠ ಮಾಡಿದ್ದು, ಅದೂ ಇದೇ ಹುಕ್‌ನದು, 1678ರಲ್ಲಿ ಪ್ರಕಟವಾದದ್ದು. ಅಂದ್ರೆ ನಾನು ಮಾವನ ಜೀಪಿಗೆ ಮಾಡಿಸಿದ್ದು ಹುಕ್‌ನ ಒಂದು ಪಾಠವನ್ನು ಎತ್ತಿಕೊಂಡು ಹೋಗಿ ಅವನದೇ ಇನ್ನೊಂದು ಪಾಠದ ತಲೆ ಮೇಲೆ ಹಾಕಿದ್ದು.

ಇದಾದ ಮೇಲೆ ಸುಮಾರು 200 ವರ್ಷ ಈ ಕೀಲು ಗಿರಣಿಗಳಲ್ಲಿ, ಯಂತ್ರಗಳಲ್ಲಿ ಸುಮ್ಮನೆ ಕೆಲಸ ಮಾಡಿಕೊಂಡಿತ್ತು. ಅದನ್ನು ಕೆಟ್ಟ ದಾರಿಗೆ ಇಳಿಸಿದವನು, ಅಂದ್ರೆ ನಿಜವಾಗಿಯೂ ಹದಗೆಟ್ಟ ದಾರಿಗೆ, ಎಫ್ರೈಮ್ ಶೇ. ಅಮೆರಿಕದ ಮಿಷಿಗನ್ನಿನಲ್ಲಿ ಕಾಡಿನ ಮರ ಸಾಗಿಸುತ್ತಿದ್ದವನು. ಕಾಡಿನೊಳಗೆ ಹಾಕಿದ ರೈಲು ಹಳಿ ಅಂಕುಡೊಂಕು, ಏರುತಗ್ಗು. ಮಾಮೂಲಿ ಎಂಜಿನ್ನು ಹಳಿ ತಪ್ಪುತ್ತಿತ್ತು. ಶೇ ತನ್ನ ರೈಲೆಂಜಿನ್ನಿನ ಒಂದು ಪಕ್ಕಕ್ಕೆ ಉದ್ದಕ್ಕೂ ಶಾಫ್ಟು ಹಾಕಿ, ನಡುನಡುವೆ ಈ ಕೀಲುಗಳನ್ನೂ, ಉದ್ದ ಹೆಚ್ಚುಕಮ್ಮಿ ಆಗೋಕೆ ಒಂದರೊಳಗೊಂದು ಜಾರುವ ಚೌಕದ ಶಾಫ್ಟುಗಳನ್ನೂ ಇಟ್ಟು ಎಲ್ಲಾ ಗಾಲಿಗೂ ಶಕ್ತಿ ಕೊಟ್ಟ. 1881ರಲ್ಲಿ ಪೇಟೆಂಟು ಸಿಕ್ಕಿತು. ಬಗ್ಗೋ ಕೀಲು, ಜಾರೋ ಶಾಫ್ಟು, ಎಲ್ಲಾ ಗಾಲಿಗೂ ಶಕ್ತಿ, ಜೀಪಿಗೆ ಬೇಕಾದ್ದೆಲ್ಲ ಅಲ್ಲೇ ಇತ್ತು. ಟೈರು ಮಾತ್ರ ಇರಲಿಲ್ಲ.

ಕಾರುಗಳು ಬಂದ ಹೊಸದರಲ್ಲಿ ಬಹಳಷ್ಟಕ್ಕೆ ಸೈಕಲ್ಲಿನ ಹಾಗೆ ಚೈನು. ಧೂಳು ತಿಂದು ಸವೆಯುತ್ತಿತ್ತು, ಕಡಿಯುತ್ತಿತ್ತು, ಕಿವಿ ಕಿತ್ತುಹೋಗೋ ಸದ್ದು ಬೇರೆ. ಫ್ರಾನ್ಸಿನ ಲೂಯಿ ರೆನೋ 1898ರಲ್ಲಿ ಚೈನು ಬಿಟ್ಟು ಶಾಫ್ಟು ಹಾಕಿದ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಎಂಜಿನಿಯರಿಂಗ್ ಓದುತ್ತಿದ್ದ ಕ್ಲಾರೆನ್ಸ್ ಸ್ಪೈಸರ್ ಅನ್ನೋ ಇಲಿನಾಯ್ ಕಡೆಯ ಹುಡುಗ ಕೀಲಿಗೆ ಮುಚ್ಚಳ ತೊಡಿಸಿ, ಎಣ್ಣೆ ಒಳಗೇ ಇರೋ ಹಾಗೆ, ಧೂಳು ಹೊರಗೇ ಉಳಿಯೋ ಹಾಗೆ ಮಾಡಿದ. ಪೇಟೆಂಟು ಸಿಕ್ಕಿದ್ದು 1903ರಲ್ಲಿ, ಮರುವರ್ಷ ನ್ಯೂಜೆರ್ಸಿಯಲ್ಲಿ ತಯಾರಿಕೆ ಶುರು. ಓದುತ್ತಿದ್ದಾಗ ಮಾಡಿದ ಪ್ರಾಜೆಕ್ಟು ಅನ್ನ ಕೊಟ್ಟಿತು! ನಮ್ಮ ಬಿಇ ಪ್ರಾಜೆಕ್ಟು ಎಲ್ಲಿ ಹೋಯ್ತು ಅಂತ ನಿಮಗೂ ಗೊತ್ತು. ಅವತ್ತಿನ ಕಾರುಗಳು ಕೋನದ ವಿಷಯದಲ್ಲಿ ತುಂಬಾ ಜಾಗ್ರತೆ. ಫೋರ್ಡಿನ ಮಾಡೆಲ್ ಟಿ ಕಾರಿನಲ್ಲಿ ಶಾಫ್ಟನ್ನು ಒಂದು ಕೊಳವೆಯೊಳಗೆ ಕೂರಿಸಿ ಒಂದೇ ಒಂದು ಕೀಲು ಇಟ್ಟಿದ್ದರು. ಹುಕ್‌ನ ಎರಡನೇ ಕೀಲು ಇಲ್ಲ, ಕದ್ದದ್ದು ವಾಪಸ್ ಬರೋಲ್ಲ. ಆದರೂ ನಡೆಯಿತು, ಯಾಕಂದ್ರೆ ಕೋನವೇ ಕಮ್ಮಿ.

ಈಗ ಜೀಪಿಗೆ ಬರೋಣ. 1940ರ ಜುಲೈನಲ್ಲಿ ಅಮೆರಿಕದ ಸೈನ್ಯ 135 ಕಂಪನಿಗಳಿಗೆ ಕಾಗದ ಕಳಿಸಿತು. ನಾಲ್ಕೂ ಚಕ್ರಕ್ಕೆ ಶಕ್ತಿ ಇರೋ ಪುಟ್ಟ ಗಾಡಿ ಬೇಕು, ಮೊದಲ ಮಾದರಿ 49 ದಿನದಲ್ಲಿ ಕೊಡಬೇಕು. ಪೆನ್ಸಿಲ್ವೇನಿಯಾದ ಬಟ್ಲರ್ ಊರಿನ ಬ್ಯಾಂಟಮ್ ಕಂಪನಿ, ಮುಳುಗೋ ಹಂತದಲ್ಲಿದ್ದದ್ದು, ಕಾರ್ಲ್ ಪ್ರಾಬ್ಸ್ಟ್ ಅನ್ನೋ ಎಂಜಿನಿಯರನ್ನು ಕರೆಸಿತು. ಆತ ಡೆಟ್ರಾಯಿಟ್‌ನಿಂದ ಬಟ್ಲರ್‌ಗೆ ಹೋಗೋ ದಾರಿಯಲ್ಲೇ ಟೊಲಿಡೊದಲ್ಲಿ ಗಾಡಿ ನಿಲ್ಲಿಸಿ ಸ್ಪೈಸರ್ ಕಂಪನಿಯವರ ಜೊತೆ ಆಕ್ಸಲ್ ವಿಷಯ ಮಾತಾಡಿಕೊಂಡ. ಬಾಡಿ ಯಾರಾದ್ರೂ ಬಗ್ಗಿಸಿ ಕೊಡಬಹುದು, ಕಷ್ಟ ಇರೋದು ಆಕ್ಸಲ್ಲಿನಲ್ಲಿ ಅಂತ ಅವನಿಗೆ ಗೊತ್ತಿತ್ತು. ಸೆಪ್ಟೆಂಬರ್ 23ಕ್ಕೆ, ಗಡುವಿಗೆ ಅರ್ಧ ಗಂಟೆ ಮೊದಲು, ಮೇರಿಲ್ಯಾಂಡಿನ ಹೋಲಬರ್ಡ್ ಕ್ಯಾಂಪಿನಲ್ಲಿ ಗಾಡಿ ಬಂದು ನಿಂತಿತು. ಆಮೇಲೆ ವಿಲ್ಲಿಸ್, ಫೋರ್ಡ್ ಸೇರಿಕೊಂಡು ಯುದ್ಧ ಮುಗಿಯೋ ಹೊತ್ತಿಗೆ 6 ಲಕ್ಷಕ್ಕೂ ಹೆಚ್ಚು ಜೀಪು ತಯಾರಾದವು.

ಸೈನ್ಯದ ಬೇಡಿಕೆಯಲ್ಲಿ ಮುಖ್ಯವಾದ ಒಂದು ಮಾತು ಗಾಡಿ ಕುಳ್ಳಗಿರಬೇಕು ಅನ್ನೋದು. ಎತ್ತರ ಇದ್ದರೆ ದೂರದಿಂದ ಶತ್ರುವಿಗೆ ಕಾಣುತ್ತೆ. ಹಾಗಾಗಿ ಜೀಪು ಹುಟ್ಟಿದ್ದೇ ನೆಲಕ್ಕೆ ಹತ್ತಿರವಾಗಿ. ಜೊತೆಗೆ ಉದ್ದವೂ ಕಮ್ಮಿ, ಮುಂದಿನ ಚಕ್ರದಿಂದ ಹಿಂದಿನ ಚಕ್ರಕ್ಕೆ 80 ಇಂಚು ಅಷ್ಟೆ. ಅಷ್ಟರಲ್ಲಿ ಎಂಜಿನ್ನು, ಗೇರ್‌ಬಾಕ್ಸು, ಫೋರ್ ವೀಲ್ ಡಬ್ಬ ಎಲ್ಲಾ ಕೂತು ಹಿಂದಿನ ಶಾಫ್ಟಿಗೆ ಉಳಿಯೋ ಜಾಗ ಒಂದು ಮೊಳಕ್ಕಿಂತ ಸ್ವಲ್ಪ ಜಾಸ್ತಿ. ಗಾಡಿ ಕುಳ್ಳಗಿರೋದರಿಂದ ಶಾಫ್ಟು ಗಿಡ್ಡ ಇದ್ದರೂ ಕೋನ ಮಿತಿಯಲ್ಲಿತ್ತು. ಈ ಎರಡೂ ಒಂದಕ್ಕೊಂದು ಕಟ್ಟಿಹಾಕಿದ ವಿಷಯ. ಒಂದನ್ನು ಬಿಚ್ಚಿದರೆ ಇನ್ನೊಂದು ಸುಮ್ಮನಿರೋಲ್ಲ.

ಮುಂದಿನ ಚಕ್ರದ್ದು ಬೇರೆಯೇ ರಾಮಾಯಣ. ಅದು ತಿರುಗಲೂ ಬೇಕು, ಎಡಕ್ಕೆ ಬಲಕ್ಕೆ ಹೊರಳಲೂ ಬೇಕು. 30 ಡಿಗ್ರಿ ಹತ್ತಿರ ಹೊರಳಿದಾಗ ಸಾದಾ ಕ್ರಾಸು ಹಾಕಿದರೆ ಸ್ಟೇರಿಂಗು ಕೈ ಒದರುತ್ತೆ. ಅದಕ್ಕೆ ವೇಗ ಏರುಪೇರಾಗದ ಕೀಲುಗಳನ್ನು 1920ರ ದಶಕದಲ್ಲೇ ಕಂಡುಹಿಡಿದಿದ್ದರು. ಫ್ರಾನ್ಸಿನ ಗ್ರೆಗುವಾರ್ ಮತ್ತು ಫೆನಾಯ್ ಅವರ ಟ್ರಾಕ್ಟಾ, ಆಲ್ಫ್ರೆಡ್ ರ್‍ಜೆಪ್ಪಾ ಅವರ ಆರು ಗುಂಡಿನ ಕೀಲು, ಬೆಂಡಿಕ್ಸ್ ಕಂಪನಿಯ ವೈಸ್ ಕೀಲು. ಯುದ್ಧದ ಜೀಪುಗಳ ಮುಂದಿನ ಆಕ್ಸಲ್ಲಿನಲ್ಲಿ ಈ ಮೂರೂ ಸಿಗುತ್ತವೆ, ಯಾವುದು ಸಿಕ್ಕಿತೋ ಅದನ್ನು ಹಾಕಿದರು. ಆದರೆ ಉದ್ದುದ್ದದ ಶಾಫ್ಟುಗಳಿಗೆ ಮಾತ್ರ ಹುಕ್‌ನ ಹಳೇ ಕ್ರಾಸೇ ಸಾಕು ಅಂದುಕೊಂಡರು. ಎತ್ತರ ಬದಲಾಯಿಸದೆ ಇದ್ದರೆ ಸಾಕೇ ಸಾಕು.

1947ರಲ್ಲಿ ಮಹೀಂದ್ರಾದವರು ಮುಂಬೈಯಲ್ಲಿ ವಿಲ್ಲಿಸ್ ಜೀಪು ಜೋಡಿಸೋಕೆ ಶುರು ಮಾಡಿದರು. ಸಿಜೆ-3ಬಿ ಅಮೆರಿಕದಲ್ಲಿ ಬಂದದ್ದು 1953ರಲ್ಲಿ, ಎಂಜಿನ್ನು ಎತ್ತರವಾದ್ದರಿಂದ ಬಾನೆಟ್ಟನ್ನೂ ಎತ್ತರ ಮಾಡಿದ ಮಾಡೆಲ್ಲು. ಬಾನೆಟ್ಟು ಎತ್ತರ ಆಯ್ತೇ ಹೊರತು ಚಾಸಿ, ಚಕ್ರದ ಅಂತರ ಅದೇ 80 ಇಂಚು. ಅಲ್ಲಿ 1968ಕ್ಕೆ ನಿಂತಿತು, ಇಲ್ಲಿ ಅದಾದ ಮೇಲೂ ವರ್ಷಗಟ್ಟಲೆ ಬಂತು. ಮಲೆನಾಡಿನ ಕಾಫಿ ತೋಟಗಳಲ್ಲಿ, ಘಟ್ಟದ ಊರುಗಳಲ್ಲಿ ಇವತ್ತಿಗೂ ಓಡಾಡೋ ಜೀಪುಗಳ ಅಡಿಯಲ್ಲಿ ಇರೋದು ಆ 1940ರ ಅಳತೆ.

ಈಗ ನಮ್ಮ ಜೀಪಿನ ಲೆಕ್ಕ. ಗೇರಿನ ಡಬ್ಬದಿಂದ ಹೌಸಿಂಗಿಗೆ ಅಡ್ಡಳತೆ 50 ಸೆಂಟಿಮೀಟರು, ಇಳಿತ 8 ಸೆಂಟಿಮೀಟರು ಅಂತ ಇಟ್ಕೊಳ್ಳಿ. ಕೋನ 9 ಡಿಗ್ರಿ. ಏರುಪೇರು ಶೇಕಡಾ ಒಂದು ಚಿಲ್ಲರೆ. ನಾಲ್ಕು ಇಂಚು ಎತ್ತಿದರೆ ಇಳಿತ 18 ಆಗುತ್ತೆ, ಕೋನ ಸುಮಾರು 20, ಏರುಪೇರು ಶೇಕಡಾ 6. ಶಾಫ್ಟಿನ ಉದ್ದವೂ ಎರಡೂವರೆ ಸೆಂಟಿಮೀಟರು ಜಾಸ್ತಿ ಬೇಕು. ಅದು ಎಲ್ಲಿಂದ ಬರಬೇಕು? ಜಾರೋ ಹಲ್ಲಿನ ಭಾಗದಿಂದ. ಅಷ್ಟರ ಮಟ್ಟಿಗೆ ಅಲ್ಲಿ ಹಿಡಿತ ಕಮ್ಮಿ ಆಯ್ತು. ಇದೇ ನಾಲ್ಕು ಇಂಚನ್ನು 120 ಸೆಂಟಿಮೀಟರು ಶಾಫ್ಟಿರೋ ಉದ್ದ ಗಾಡಿಗೆ ಎತ್ತಿಸಿ ನೋಡಿ, ಕೋನ 4ರಿಂದ ಎಂಟೂವರೆಗೆ ಹೋಗುತ್ತೆ ಅಷ್ಟೆ. ನಾನು ಸ್ಪರ್ಧೆಯಲ್ಲಿ ನೋಡಿದ ಎಷ್ಟೋ ಗಾಡಿಗಳು ನಮ್ಮದಕ್ಕಿಂತ ಉದ್ದ ಇದ್ದವು. ಎತ್ತರ ಮಾತ್ರ ನನ್ನ ಕಣ್ಣಿಗೆ ಬಿತ್ತು, ಉದ್ದ ಬೀಳಲಿಲ್ಲ.

ಎರಡೂ ಕೀಲಿನ ಕೋನ ಸಮ ಇದ್ದರೆ ಹೌಸಿಂಗಿಗೆ ತಲುಪೋ ಹೊತ್ತಿಗೆ ಏರುಪೇರು ಸರಿಹೋಗುತ್ತಲ್ಲ ಅಂತ ಕೇಳಬಹುದು. ಒಂದನೆಯದು, ನಡುವಿನ ಶಾಫ್ಟು ಏರುಪೇರಾಗಿಯೇ ತಿರುಗುತ್ತಿರುತ್ತೆ. ಗಂಟೆಗೆ 50 ಕಿಲೋಮೀಟರಿನಲ್ಲಿ ಆ ಜೀಪಿನ ಶಾಫ್ಟು ಸೆಕೆಂಡಿಗೆ 30ಕ್ಕೂ ಹೆಚ್ಚು ಸುತ್ತು ಹಾಕುತ್ತೆ, ಪ್ರತಿ ಸುತ್ತಿಗೆ ಎರಡು ಸಲ ಜಗ್ಗಾಟ. ಸೆಕೆಂಡಿಗೆ 60 ಪೆಟ್ಟು ತಿಂದು ಕ್ರಾಸಿನ ಬಟ್ಟಲಲ್ಲಿರೋ ಸೂಜಿಯಂಥ ಬೇರಿಂಗುಗಳು ಪುಡಿಯಾಗ್ತವೆ. ಎರಡನೆಯದು, ನಮ್ಮ ಜೀಪಿನಲ್ಲಿ ಕೋನ ಸಮವೂ ಇರಲಿಲ್ಲ. ಸ್ಪ್ರಿಂಗಿನ ಹಿಂದಿನ ತುದಿಗೆ ಉದ್ದನೆಯ ಶ್ಯಾಕಲ್ಲು ಹಾಕಿದಾಗ ಸ್ಪ್ರಿಂಗು ಒಂದು ಕಡೆ ವಾಲಿತು, ಅದರ ಜೊತೆ ಹೌಸಿಂಗಿನ ಮೂತಿಯೂ ಮೇಲಕ್ಕೆ ಎದ್ದಿತು. ಹಿಂದಿನ ಕೀಲಿನ ಕೋನ ಕಮ್ಮಿ, ಮುಂದಿನ ಕೀಲಿನದು ಜಾಸ್ತಿ. ಕದ್ದದ್ದು ಪೂರ್ತಿ ವಾಪಸ್ ಬರಲಿಲ್ಲ. ನಲವತ್ತು ದಾಟಿದರೆ ಸೀಟಿನ ಅಡಿ ಗುಂಯ್ ಅನ್ನೋ ಸದ್ದು, ನೆಲದ ತಗಡು ನಡುಗೋದು ಮೊದಲ ವಾರದಿಂದಲೇ ಇತ್ತು. "ಹೊಸ ಟೈರು ಮಾವ, ಹಾಗೇ" ಅಂತ ನಾನೇ ಹೇಳಿದ್ದೆ. ಮುರಿದ ಮೇಲೆ ಬಿಚ್ಚಿ ನೋಡಿದರೆ ಫೋರ್ಕಿನ ಕಿವಿಗಳಲ್ಲಿ ಉಕ್ಕು ಉಕ್ಕಿಗೆ ಉಜ್ಜಿ ಹೊಳೆಯೋ ಗುರುತು. ಚಕ್ರ ಗುಂಡಿಗೆ ಇಳಿದಾಗಲೆಲ್ಲ ಕೀಲು ಬಗ್ಗೋಕೆ ಜಾಗ ಸಾಲದೆ ಗುದ್ದಿಕೊಂಡಿತ್ತು.

ಹ್ಯಾಂಡ್‌ಬ್ರೇಕಿನ ಮಾತು ಬಾಕಿ ಇದೆ. ಆ ಕಾಲದ ಜೀಪುಗಳಲ್ಲಿ ಹ್ಯಾಂಡ್‌ಬ್ರೇಕು ಚಕ್ರದಲ್ಲಿ ಇಲ್ಲ, ಫೋರ್ ವೀಲ್ ಡಬ್ಬದ ಹಿಂದೆ ಒಂದು ಡ್ರಮ್ಮಿನಲ್ಲಿ ಇರೋದು. ಅದು ಹಿಡಿಯೋದು ಶಾಫ್ಟನ್ನು, ಶಾಫ್ಟು ಹಿಡಿಯೋದು ಚಕ್ರವನ್ನು. ಕ್ರಾಸು ಮುರಿದರೆ ಬ್ರೇಕು ಡ್ರಮ್ಮನ್ನು ಗಟ್ಟಿಯಾಗಿ ಹಿಡಿದುಕೊಂಡೇ ಇರುತ್ತೆ, ಚಕ್ರ ತನ್ನ ಪಾಡಿಗೆ ಉರುಳುತ್ತೆ. ಮಾವನಿಗೆ ಇದು ಗೊತ್ತಿತ್ತು, ಆದರೆ ಕತ್ತಲಲ್ಲಿ, ಹಿಂದಿನ ಸೀಟಲ್ಲಿ ಅವನ ತಾಯಿ ಏದುಸಿರು ಬಿಡ್ತಿರುವಾಗ ಕೈ ರೂಢಿಯ ಮೇಲೆ ಹೋಗಿತ್ತು. ನಾನು ತಂದ ಕಲ್ಲು ಎರಡನೇ ಸಲ ಚಕ್ರಕ್ಕೆ ಸಿಕ್ಕಿತು.

ಆಮೇಲೆ ಮಾವ ಮಾಡಿದ್ದನ್ನು ನಾನು ಯಾವ ಪುಸ್ತಕದಲ್ಲೂ ಓದಿರಲಿಲ್ಲ. ಸ್ಪ್ಯಾನರು ತಗೊಂಡು ಜೀಪಿನ ಅಡಿಗೆ ಹೋದ. ನಾನು ಟಾರ್ಚು ಹಿಡಿದೆ. ಮೇಲಿಂದ ಮಳೆ, ಅಡಿಯಿಂದ ಕೆಸರು ನೀರು. ನಟ್ಟು ಬಿಚ್ಚಿ ಹಿಂದಿನ ಶಾಫ್ಟನ್ನು ಪೂರ್ತಿ ಕಳಚಿ ಹಿಂದಕ್ಕೆ ಎಸೆದ. ಬಂದು ಕೂತು ಫೋರ್ ವೀಲ್ ಗೇರು ಹಾಕಿ ಕ್ಲಚ್ಚು ಬಿಟ್ಟ. ಹಿಂದಿನ ಚಕ್ರಕ್ಕೆ ಶಕ್ತಿ ಇಲ್ಲ, ಮುಂದಿನದಕ್ಕೆ ಇದೆ. ಎರಡು ಮುಂದಿನ ಚಕ್ರದಲ್ಲಿ ಎಳೆದಾಡಿಕೊಂಡು, ಜಾರಿ, ಮತ್ತೆ ಹಿಂದೆ ಹೋಗಿ, ಮೂರನೇ ಸಲಕ್ಕೆ ಏರು ಹತ್ತಿತು. ಆಸ್ಪತ್ರೆ ಮುಟ್ಟುವಾಗ ಎರಡು ಗಂಟೆ ತಡ ಆಗಿತ್ತು. ಆಕ್ಸಿಜನ್ ಹಚ್ಚಿದ ಡಾಕ್ಟರು "ಇಷ್ಟು ಹೊತ್ತು ಎಂತ ಮಾಡ್ತಿದ್ರಿ?" ಅಂದರು. ಯಾರೂ ಉತ್ತರ ಕೊಡಲಿಲ್ಲ. ಅಜ್ಜಿ ಎಂಟು ದಿನ ಅಲ್ಲಿದ್ದು ಮನೆಗೆ ಬಂತು.

ಮಾವ ಆ ರಾತ್ರಿ ಶಾಫ್ಟು ಕಳಚಿ ಹೋಗೋಕಾದದ್ದು ಹಳೇ ಜೀಪಿನಲ್ಲಿ ಶಾಫ್ಟಿನ ಎರಡೂ ತುದಿ ನಟ್ಟಿನಲ್ಲಿ ಬಿಗಿದಿದ್ದರಿಂದ. ಅಮೆರಿಕದಲ್ಲಿ 1987ರ ಮಾಡೆಲ್ಲಾಗಿ ಬಂದ ರ್‍ಯಾಂಗ್ಲರ್ ಜೀಪಿನಲ್ಲಿ ಹಿಂದಿನ ಶಾಫ್ಟಿನ ಒಂದು ತುದಿ ಡಬ್ಬದೊಳಗೇ ಜಾರೋ ಹಾಗೆ ಮಾಡಿದರು. ಅದನ್ನು ಎಳೆದು ತೆಗೆದರೆ ಡಬ್ಬದ ಎಣ್ಣೆ ಹೊರಗೆ ಬರುತ್ತೆ. ಎತ್ತರ ಮಾಡಿದರಂತೂ ಇನ್ನೂ ಕಷ್ಟ. ಜಾರೋ ತುದಿ ಹೊರಗೆ ಬಂದಷ್ಟೂ ಹಿಡಿತ ಸಡಿಲವಾಗುತ್ತೆ, ಡಬ್ಬದಿಂದ ಹೊರಗೆ ಚಾಚಿದ ಆ ಭಾಗವೇ ಶಾಫ್ಟಿನ ಜಾಗ ತಿಂದು ಅದನ್ನು ಇನ್ನೂ ಗಿಡ್ಡ ಮಾಡುತ್ತೆ, ಕೋನ ಜಾಸ್ತಿ ಮಾಡುತ್ತೆ. ಅಲ್ಲಿನವರು ಮೊದಲು ಗೇರಿನ ಡಬ್ಬವನ್ನೇ ಒಂದಿಂಚು ಕೆಳಗೆ ಇಳಿಸಿ ನೋಡಿದರು. ಎತ್ತರ ಮಾಡಿ ಗಳಿಸಿದ್ದರಲ್ಲಿ ಒಂದಿಂಚು ವಾಪಸ್ ಕೊಟ್ಟ ಹಾಗಾಯ್ತು. ಆಮೇಲೆ ಆ ಜಾರೋ ತುದಿ ಕಿತ್ತುಹಾಕಿ, ಗಿಡ್ಡ ಮಾಡಿ, ನಟ್ಟು ಬಿಗಿಯೋ ಫೋರ್ಕು ಕೂರಿಸೋ ಸಾಮಾನಿನದೇ ಒಂದು ವ್ಯಾಪಾರ ಬೆಳೆಯಿತು. ಡಬ್ಬದ ಕಡೆಗೆ ಎರಡು ಕ್ರಾಸು ಬೆನ್ನಿಗೆ ಬೆನ್ನು ಸೇರಿಸಿದ ಜೋಡಿ ಕೀಲು ಹಾಕ್ತಾರೆ. 1683ರಲ್ಲಿ ಹುಕ್ ಹೇಳಿದ ಎರಡು ಕೀಲು, ನಡುವಿನ ಶಾಫ್ಟನ್ನು ಮಾತ್ರ ಬೆರಳುದ್ದಕ್ಕೆ ಇಳಿಸಿದ್ದು. ಇಲ್ಲಿ ಕೋನದ ನಿಯಮವೂ ಉಲ್ಟಾ. ಸಾದಾ ಶಾಫ್ಟಾದರೆ ಹೌಸಿಂಗಿನ ಮೂತಿ ಡಬ್ಬದ ಶಾಫ್ಟಿಗೆ ಸಮಾನಾಂತರ ಇರಬೇಕು, ಜೋಡಿ ಕೀಲಾದರೆ ಮೂತಿ ನೇರ ಡಬ್ಬದ ಕಡೆಗೇ ನೋಡಬೇಕು. ಸ್ಪ್ರಿಂಗಿನ ಅಡಿಗೆ ಬೆಣೆ ಕೊಟ್ಟು ಅದನ್ನು ಹೊಂದಿಸ್ತಾರೆ. ಹಾಗೆ ಮಾಡಿದ ಗಾಡಿಗಳು ಲಕ್ಷಗಟ್ಟಲೆ ಕಿಲೋಮೀಟರು ಓಡುತ್ತವೆ, ಎತ್ತರ ಮಾಡೋದೇ ತಪ್ಪು ಅಂತ ನಾನು ಹೇಳೋಲ್ಲ. ನಾನು ಎತ್ತಿಸಿದ್ದು ಸ್ಪ್ರಿಂಗು, ಬಿಟ್ಟದ್ದು ಇದೆಲ್ಲವನ್ನೂ.

ಮಾವ ನನಗೆ ಒಂದು ಮಾತೂ ಬಯ್ಯಲಿಲ್ಲ. ಅದು ಬಯ್ಯೋದಕ್ಕಿಂತ ಕಷ್ಟ. ಗಣೇಶನ ಹಬ್ಬಕ್ಕೆ ಊರಿಗೆ ಹೋದಾಗ ಜೀಪು ಮೊದಲಿನ ಎತ್ತರಕ್ಕೆ ಇಳಿದಿತ್ತು, ಹಳೇ ಟೈರು, ಹಳೇ ಶ್ಯಾಕಲ್ಲು. ಮೇಸ್ತ್ರಿ ಹೊಸ ಕ್ರಾಸು ಹಾಕಿ ಬಾಣದ ಗುರುತಿಗೆ ಬಿಳಿ ಬಣ್ಣ ಹಚ್ಚಿದ್ದರು, ಕತ್ತಲಲ್ಲೂ ಕಾಣಲಿ ಅಂತ. ಹೆಚ್ಚಿಗೆ ಹಾಕಿಸಿದ್ದ ಪ್ಲೇಟುಗಳನ್ನು ಏನು ಮಾಡಿದೆ ಅಂತ ಕೇಳಿದೆ. ಮಾವ ಕೊಟ್ಟಿಗೆಯ ಕಡೆ ಕೈ ತೋರಿಸಿದ. ಒಂದನ್ನು ಆಚಾರಿಗೆ ಕೊಟ್ಟು ಎರಡು ಕತ್ತಿ ಬಡಿಸಿದ್ದ. ಒಳ್ಳೇ ಉಕ್ಕಂತೆ, ಮಸೆದರೆ ಒಂದು ವಾರ ಅಂಚು ಹೋಗೋದಿಲ್ಲವಂತೆ. ಉಳಿದ ಪ್ಲೇಟುಗಳು ಅಲ್ಲೇ ಗೋಡೆಗೆ ಒರಗಿದ್ದವು, ಯಾರಾದರೂ ಕತ್ತಿ ಬೇಕು ಅಂದ್ರೆ ಕೊಡೋಕೆ.